ಹೊಸಮನೆಯೋ, ಹೊಸ ಮನೆಯೋ?

"ಮಾಸ್ಟ್ರೇ, ಹೋಂಸ್ಟೇ ಒಂದಾ ಎರಡಾ?"

ತಡಮೆಯ ಆಚೆ ನಿಂತು ಗೌಡರು ಹೀಗೆ ಕೇಳಿದಾಗ ನಾನು ಬಸಳೆ ಚಪ್ಪರಕ್ಕೆ ಕಂಬ ನೆಡುತ್ತಿದ್ದೆ. ಅವರ ಮಗಳು ಬೆಂಗಳೂರಿನ ಕೆಲಸ ಬಿಟ್ಟು ಬಂದಿದ್ದಾಳೆ. ಜಗಲಿಯ ಪಕ್ಕದ ಎರಡು ಕೋಣೆಗಳಿಗೆ ಸುಣ್ಣ ಬಳಿಸಿ, ಸುಬ್ರಹ್ಮಣ್ಯಕ್ಕೆ ಹೋಗುವ ಯಾತ್ರಿಕರನ್ನು ಒಂದು ರಾತ್ರಿಯಾದರೂ ಉಳಿಸಿಕೊಳ್ಳುವ ಏರ್ಪಾಡಿನಲ್ಲಿದ್ದಾಳೆ. ಇಷ್ಟು ನನಗೆ ಗೊತ್ತಿತ್ತು.

"ಸದ್ಯ ಒಂದೇ ಸಾಕು ಗೌಡ್ರೇ. ಜನ ಹೆಚ್ಚಾದ್ರೆ ಎರಡನೆಯದ್ದು ನೋಡುವಾ" ಎಂದೆ.

"ಅದಲ್ಲ ಮಾರಾಯ್ರೆ. ಶಬ್ದ ಒಂದಾ ಎರಡಾ ಅಂತ ಕೇಳಿದ್ದು. ಪುತ್ತೂರಿನ ಬೋರ್ಡಿನ ಹುಡುಗ ಫೋನು ಮಾಡಿದ. ಹೋಂ ಅಂತ ಬರೆದು ಜಾಗ ಬಿಟ್ಟು ಸ್ಟೇ ಬರೆಯುವುದಾ, ಒಟ್ಟಿಗೇ ಹೊಡೆಯುವುದಾ ಅಂತ. ಹನ್ನೊಂದು ಗಂಟೆಯೊಳಗೆ ಹೇಳ್ಬೇಕಂತೆ. ಇಲ್ಲದಿದ್ರೆ ಅವನಿಗೆ ತೋಚಿದ ಹಾಗೆ ಪ್ರಿಂಟ್ ಹಾಕ್ತಾನಂತೆ."

ಆಗ ಗಂಟೆ ಒಂಬತ್ತೂವರೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ಮನೆಗೆ ಬಂದವನ ಬಳಿ ಇಂಥ ಪ್ರಶ್ನೆ ಬರುವುದು ವರ್ಷಕ್ಕೆ ಒಂದೋ ಎರಡೋ ಸಲ, ಅದೂ ಮದುವೆಯ ಕಾಗದ ಅಚ್ಚಿಗೆ ಹೋಗುವಾಗ. ಹಾರೆ ಕೆಳಗಿಟ್ಟೆ.

ನಮ್ಮ ಬೇಲಿಯ ಭಾಷೆಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಗೌಡರ ಮನೆಯೊಳಗೆ ಅರೆಭಾಷೆ. ನಮ್ಮ ಮನೆಯೊಳಗೆ ಹವ್ಯಕ. ಬೇಲಿಗೆ ಬಂದರೆ ಇಬ್ಬರಿಗೂ ತುಳು. ಕಾಗದಕ್ಕೆ ಇಳಿಯುವಾಗ ಕನ್ನಡ, ಬೋರ್ಡಿಗೆ ಏರುವಾಗ ಇಂಗ್ಲಿಷು. ಪುತ್ತೂರು, ಸುಳ್ಯ, ಕಡಬದ ಯಾವ ಬೇಲಿಗೆ ಕಿವಿಗೊಟ್ಟರೂ ಹೆಚ್ಚುಕಡಿಮೆ ಹೀಗೆಯೇ. ಕೆಲವು ಕಡೆ ಬ್ಯಾರಿ, ಮಲಯಾಳ, ಕೊಂಕಣಿ, ಮರಾಠಿಯೂ ಸೇರಿಕೊಳ್ಳುತ್ತವೆ. ಇಲ್ಲಿರುವುದೆಲ್ಲ ತುಳುವಿನಲ್ಲಿ ಆಡಿದ ಮಾತು, ನಾನು ಕನ್ನಡಕ್ಕೆ ತಂದದ್ದು. ಆಡುವಾಗ ಪದಗಳ ನಡುವೆ ಯಾರೂ ಜಾಗ ಬಿಡುವುದಿಲ್ಲ. ಉಸಿರು ಹಿಡಿದಷ್ಟು ಹೊತ್ತು ಎಲ್ಲವೂ ಒಂದೇ. ತಕರಾರು ಹುಟ್ಟುವುದು ಬರೆಯಲು ಕುಳಿತಾಗ.

"ಬೋರ್ಡಿನಲ್ಲಿ ಒಟ್ಟು ಎಂತ ಬರೆಯಲಿಕ್ಕುಂಟು?"

"ಹೊಸಮನೆ ಹೋಂಸ್ಟೇ. ಮೇಲೆ ಕನ್ನಡದಲ್ಲಿ, ಕೆಳಗೆ ಇಂಗ್ಲಿಷಿನಲ್ಲಿ. ಅಷ್ಟೇ."

ಅಷ್ಟೇ ಎಂದರು. ನನಗೆ ಮಾತ್ರ ಹೋಂಸ್ಟೇಗಿಂತ ಮೊದಲು ಹೊಸಮನೆಯದ್ದೇ ಹೆದರಿಕೆಯಾಯಿತು. ಹೊಸಮನೆ ಎಂಬುದು ಗೌಡರ ಮನೆಯ ಹೆಸರು. ಅವರ ಅಜ್ಜನ ಅಪ್ಪ ಮೂಲದ ಮನೆಯಿಂದ ಪಾಲಾಗಿ ಬಂದು ಕಟ್ಟಿದ್ದು. ಮುಳಿಹುಲ್ಲು ಹೋಗಿ ಹಂಚು ಬಂತು, ಆ ಹಂಚು ಹೋಗಿ ಇನ್ನೊಂದು ಹಂಚು ಬಂತು. ಬಾಗಿಲು ಮಾತ್ರ ಈಗಲೂ ತಲೆ ತಗ್ಗಿಸದವರನ್ನು ಒಳಗೆ ಬಿಡುವುದಿಲ್ಲ. ನನ್ನ ಹಣೆಯಲ್ಲಿ ಅದರ ಗುರುತುಂಟು. ಆದರೂ ಅದು ಹೊಸಮನೆ. ನಮ್ಮ ಕಡೆ ಊರೂರಿಗೆ ಒಂದು ಹೊಸಮನೆ ಸಿಗುತ್ತದೆ, ಹೋಗಿ ನೋಡಿದರೆ ಊರಿನ ಹಳೇ ಮನೆಗಳಲ್ಲಿ ಅದೂ ಒಂದು. ಗೌಡರ ತಮ್ಮ ಮೊನ್ನೆ ಮೊನ್ನೆ ರಸ್ತೆಬದಿಯಲ್ಲಿ ಟೆರೇಸು ಹಾಕಿ ಕಟ್ಟಿಸಿದ್ದಾನಲ್ಲ, ಅದು ಹೊಸ ಮನೆ. ಎರಡಕ್ಕೂ ನೂರು ವರ್ಷದ ಅಂತರ. ಬರೆಯುವಾಗ ಆ ನೂರು ವರ್ಷ ಒಂದು ಅಕ್ಕಿಕಾಳು ಹಿಡಿಯುವಷ್ಟು ಜಾಗದಲ್ಲಿ ಅಡಗಿ ಕೂತಿರುತ್ತದೆ.

"ಹೊಸ ಅಂತ ಬರೆದು ಜಾಗ ಬಿಟ್ಟು ಮನೆ ಅಂತ ಬರೆದ್ರೆ, ಬಂದವರು ಒಳಗೆ ಟೈಲ್ಸು ಹುಡುಕ್ತಾರೆ ಗೌಡ್ರೇ" ಎಂದೆ.

"ಅಯ್ಯೋ ಹೌದಲ್ಲ. ಹೊಸ ಮನೆ ಎಲ್ಲಿ ಅಂತ ದಾರಿಯಲ್ಲಿ ಕೇಳಿದ್ರೆ ಜನ ತಮ್ಮನ ಮನೆ ತೋರಿಸ್ತಾರೆ." ತಮ್ಮನಿಗೂ ಅವರಿಗೂ ಮಾತಿಲ್ಲ. ಅದು ಬೇರೆ ಕಥೆ, ನೀರಿನ ಪೈಪಿನದ್ದು.

ಇದು ಗೌಡರ ಮನೆಯೊಂದರ ಗ್ರಹಚಾರವಲ್ಲ. ಉಪ್ಪಿನಂಗಡಿಗೆ ಹೋಗಿ ಬರುತ್ತೇನೆ ಎಂದರೆ ನೇತ್ರಾವತಿ, ಕುಮಾರಧಾರಾ ಸೇರುವ ಊರಿಗೆ ಹೋದೆ ಎಂದು ಅರ್ಥ. ಉಪ್ಪಿನ ಅಂಗಡಿಗೆ ಹೋಗಿ ಬರುತ್ತೇನೆ ಎಂದರೆ ಕೈಯಲ್ಲಿ ಚೀಲ ಇರಬೇಕು. ಕಡಬದಿಂದ ಉಪ್ಪಿನಂಗಡಿಗೆ ಬರುವಾಗ ಹೊಸಮಠ ಸಿಗುತ್ತದೆ. ಮಳೆಗಾಲದಲ್ಲಿ ಗುಂಡ್ಯ ಹೊಳೆ ಏರಿದರೆ ಅಲ್ಲಿಯ ಹಳೇ ಸೇತುವೆ ಮುಳುಗಿ, ಬಸ್ಸುಗಳು ಆಚೆ ಈಚೆ ನಿಂತು, ನಾವು ಎಷ್ಟೋ ಸಲ ಮನೆ ಸೇರುವಾಗ ಕತ್ತಲಾದದ್ದುಂಟು. ಈಗ ಎತ್ತರದ ಸೇತುವೆ ಬಂದಿದೆ. ಮುಳುಗುತ್ತಿದ್ದ ಹಳೆಯದನ್ನು ಯಾರಾದರೂ 'ಹೊಸ ಮಠದ ಹಳೆ ಸೇತುವೆ' ಎಂದು ಬರೆದರೆ ಪರಊರಿನವರು ಮಠ ಹುಡುಕಿಕೊಂಡು ಹೊರಡುತ್ತಾರೆ. ಇತ್ತ ಸುಳ್ಯದ ಕಡೆ ನಿಂತಿಕಲ್ಲು ಉಂಟು. ಬಿಡಿಸಿ 'ನಿಂತಿ ಕಲ್ಲು' ಎಂದು ಬರೆದರೆ ಕಲ್ಲೂ ನಿಲ್ಲುವುದಿಲ್ಲ, ಬಸ್ಸೂ ನಿಲ್ಲುವುದಿಲ್ಲ.

ಕ್ಲಾಸಿನಲ್ಲಿ ಇದಕ್ಕೆ ನಾನು ಕೊಡುತ್ತಿದ್ದ ಉದಾಹರಣೆ ದೊಡ್ಡಪ್ಪ. ದೊಡ್ಡಪ್ಪ ಎಂದರೆ ಅಪ್ಪನ ಅಣ್ಣ. ದೊಡ್ಡ ಅಪ್ಪ ಎಂದರೆ ನಿಮ್ಮ ಅಪ್ಪನೇ, ಆದರೆ ಗಾತ್ರದಲ್ಲಿ. ಮಕ್ಕಳು ನಗುತ್ತಿದ್ದರು; ನಕ್ಕದ್ದು ಮರೆಯುವುದಿಲ್ಲ ಎಂಬುದು ನನ್ನ ಲೆಕ್ಕ. ಪರೀಕ್ಷೆಯಲ್ಲಿ ಮತ್ತೆ 'ದೊಡ್ಡ ಅಪ್ಪ' ಎಂದೇ ಬರೆಯುತ್ತಿದ್ದರು, ಅದೂ ಒಂದು ಲೆಕ್ಕ.

"ಅಂದ್ರೆ ಸೇರಿಸಿದ್ರೆ ಹೆಸರು, ಬಿಡಿಸಿದ್ರೆ ವರ್ಣನೆ. ಇಷ್ಟೇ ಅಲ್ವಾ?" ಎಂದರು ಗೌಡರು. ಮೂವತ್ತೊಂದು ವರ್ಷ ನಾನು ಹೇಳಿದ್ದನ್ನು ಅವರು ಒಂದು ಎಲೆಗೆ ಸುಣ್ಣ ಹಚ್ಚುವುದರೊಳಗೆ ಹೇಳಿ ಮುಗಿಸಿದರು.

ಒಪ್ಪಿಬಿಡಬಹುದಿತ್ತು. ಆದರೆ ಹಳೇ ಚಾಳಿ ಬಿಡುತ್ತದೆಯೇ? ತೆಂಗಿನಕಾಯಿ ಎಂದು ಸೇರಿಸುತ್ತೇವೆ, ತೆಂಗಿನ ಮಡಲು ಎಂದು ಬಿಡಿಸುತ್ತೇವೆ. ಕಾಯಿ, ಮಡಲು ಎರಡೂ ಒಂದೇ ಮರದಿಂದ ಬೀಳುವಂಥವು, ಕೆಳಗೆ ನಿಂತವನಿಗೆ ಎರಡೂ ಅಪಾಯವೇ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿದ್ದಾಗ ನಮ್ಮ ಸುಬ್ರಹ್ಮಣ್ಯದ ಕಾಡಿನ ಸುತ್ತ ಹೆಣೆದ ಕಾದಂಬರಿ 1943ರ 'ಬೆಟ್ಟದ ಜೀವ'. ಅದು ಎರಡು ಪದ. ಅವರು ಕೂತು ಬರೆದ ಜಾಗ 'ಬಾಲವನ' ಮಾತ್ರ ಒಂದು. ಹಲಸಿನಹಣ್ಣು ಎಂದು ಒಬ್ಬರು, ಹಲಸಿನ ಹಣ್ಣು ಎಂದು ಇನ್ನೊಬ್ಬರು. ಪುತ್ತೂರಿನಿಂದ 1988ರಿಂದಲೂ ಬರುತ್ತಿರುವ 'ಅಡಿಕೆ ಪತ್ರಿಕೆ' ಬಿಡಿಸಿಕೊಂಡೇ ಇದೆ. ಅಡಿಕೆಗೂ ಪತ್ರಿಕೆಗೂ ನಡುವೆ ಗಾಳಿಯಾಡಲು ಜಾಗ ಬೇಕು, ಇಲ್ಲದಿದ್ದರೆ ಕೊಳೆರೋಗ ಬರುತ್ತದೆ ಎಂದು ಗೌಡರು ಸಮರ್ಥನೆ ಕೊಟ್ಟರು. ಹೋಟೆಲಿನ ಪಟ್ಟಿಯಲ್ಲಿ ನೋಡಿ: ಗೋಳಿಬಜೆ ಸೇರಿರುತ್ತದೆ, ನೀರ್ ದೋಸೆ ಬಿಟ್ಟಿರುತ್ತದೆ. ದೋಸೆಯಿಂದ ನೀರನ್ನು ಬೇರೆ ಮಾಡಿದರೆ ಕಾವಲಿಯಲ್ಲಿ ಏನು ಉಳಿಯುತ್ತದೆ ಎಂದು ಬರೆದವನನ್ನು ಕೇಳಬೇಕು.

"ಕನ್ನಡದ್ದು ಬಿಡಿ. ಹೋಂಸ್ಟೇ ಇಂಗ್ಲಿಷಲ್ವಾ. ಅವರಿಗಾದ್ರೂ ಒಂದು ಕ್ರಮ ಇರ್ಬೇಕು" ಎಂದರು.

"ನಿಮ್ಮ ಅಡಿಕೆ ಎಲ್ಲಿಗೆ ಕೊಡ್ತೀರಿ?"

"ಕ್ಯಾಂಪ್ಕೋಕ್ಕೆ. ರೇಟು ಸರಿ ಇಲ್ಲದಿದ್ರೆ ಪೇಟೆಗೆ. ಅದಕ್ಕೂ ಇದಕ್ಕೂ ಎಂತ ಸಂಬಂಧ?"

ಸಂಬಂಧ ಉಂಟು. 1973ರಲ್ಲಿ ಹುಟ್ಟಿದ, ಕರ್ನಾಟಕ ಮತ್ತು ಕೇರಳದ ಬೆಳೆಗಾರರ ಆ ಸಂಸ್ಥೆಯ ಪೂರ್ತಿ ಹೆಸರು ಸೆಂಟ್ರಲ್ ಅರೆಕನಟ್ ಆಂಡ್ ಕೊಕೋ ಮಾರ್ಕೆಟಿಂಗ್ ಆಂಡ್ ಪ್ರೊಸೆಸಿಂಗ್ ಕೋ-ಆಪರೇಟಿವ್. ಅಲ್ಲಿ ಅರೆಕನಟ್ ಒಂದೇ ಪದ. ಇಂಗ್ಲೆಂಡಿನ ನಿಘಂಟು ತೆರೆದರೆ ಅರೆಕ ಬೇರೆ, ನಟ್ ಬೇರೆ. ಅಡಿಕೆ ಬೆಳೆಯದ ದೇಶದವರಿಗೆ ಅದು ಎರಡು, ಬೆಳೆದು ಸುಲಿದು ಮಾರುವ ನಮಗೆ ಒಂದು. ನಿಘಂಟಿನ ಮಾತು ಕೇಳಿ ನಮ್ಮವರೂ ಬಿಡಿಸಿದ್ದರೆ ಗತಿ ಏನು? ಮೊದಲಕ್ಷರಗಳನ್ನು ಹೆಕ್ಕುವಾಗ ನಡುವೆ ನಟ್ಟಿನ ಎನ್ ನುಗ್ಗಿ, ಕ್ಯಾಂಪ್ಕೋ ಹೋಗಿ ಬಾಯಲ್ಲಿ ಹಿಡಿಯದ ಇನ್ನೇನೋ ಒಂದು ಆಗುತ್ತಿತ್ತು. 1986ರಿಂದ ಪುತ್ತೂರಿನ ಕೆಮ್ಮಿಂಜೆಯಲ್ಲಿ ತಯಾರಾಗುವ ಚಾಕಲೇಟಿನ ಮೇಲೆ ಆ ಹೆಸರು ಕೂರಿಸುವುದು ಹೇಗೆ? ಮಕ್ಕಳು ಕಾಗದ ಬಿಚ್ಚುವ ಮೊದಲೇ ಓಡುತ್ತಿದ್ದರು.

ಗೇರುಬೀಜದ್ದು ಇನ್ನೊಂದು. ನಿಘಂಟಿನ ಪ್ರಕಾರ ಕ್ಯಾಶ್ಯೂ ಬೇರೆ, ನಟ್ ಬೇರೆ. ಕೊಚ್ಚಿಯಲ್ಲಿರುವ ಕೇಂದ್ರ ಸರಕಾರದ ಗೇರು ಮತ್ತು ಕೊಕೋ ಅಭಿವೃದ್ಧಿ ನಿರ್ದೇಶನಾಲಯದ ಹೆಸರಿನಲ್ಲಿ ಕ್ಯಾಶ್ಯೂನಟ್ ಒಂದೇ. ನಮ್ಮ ಪುತ್ತೂರಿನ ಮೊಟ್ಟೆತ್ತಡ್ಕದಲ್ಲಿರುವ ಗೇರು ಸಂಶೋಧನಾ ನಿರ್ದೇಶನಾಲಯದವರು ಜಾಣರು. ಡೈರೆಕ್ಟೊರೇಟ್ ಆಫ್ ಕ್ಯಾಶ್ಯೂ ರಿಸರ್ಚ್ ಎಂದು ಇಟ್ಟುಕೊಂಡು ನಟ್ಟಿನ ತಂಟೆಗೇ ಹೋಗಲಿಲ್ಲ. ಕೋಕನಟ್ ಅಂತೂ ಎಲ್ಲರಿಗೂ ಒಂದೇ, ಬೀಟಲ್ ನಟ್ ಎಲ್ಲರಿಗೂ ಎರಡು, ಗ್ರೌಂಡ್‌ನಟ್ ಒಂದು. ಕಡಬ ತಾಲೂಕಿನಲ್ಲಿ ನೆಟ್ಟಣದ ಬಳಿ ಕಿದುವಿನಲ್ಲಿ ಬೇರೆ ಬೇರೆ ದೇಶಗಳ ತೆಂಗಿನ ತಳಿಗಳನ್ನು ನೆಟ್ಟು ಕಾಪಾಡುವ ತೋಟವೊಂದುಂಟು. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯದ್ದು. ಹೆಸರು ದಕ್ಷಿಣ ಏಷ್ಯಾದ ಅಂತಾರಾಷ್ಟ್ರೀಯ ಕೋಕನಟ್ ಜೀನ್‌ಬ್ಯಾಂಕ್. ಜೀನ್‌ಬ್ಯಾಂಕ್ ಅಲ್ಲಿ ಸೇರಿಸಿ ಬರೆದದ್ದು.

"ಹಾಗಾದ್ರೆ ನಮ್ಮ ಸಹಕಾರಿ ಬ್ಯಾಂಕ್ ಯಾಕೆ ಬಿಡಿ?" ಎಂದು ಕೇಳಿದರು ಗೌಡರು. ಸಾಲ ಇದ್ದವರಿಗೆ ಬ್ಯಾಂಕಿನಿಂದ ಸ್ವಲ್ಪ ಅಂತರ ಒಳ್ಳೆಯದು ಎಂದೆ. ಒಪ್ಪಿದರು.

ಇಂಗ್ಲಿಷಿನವರಲ್ಲಿ ಒಂದು, ಎರಡು ಬಿಟ್ಟು ಮೂರನೆಯ ದಾರಿಯೂ ಇತ್ತು. ಹೈಫನ್ ಎಂಬ ಅಡ್ಡಗೆರೆ. ಸೇರಿಸಲೂ ಮನಸ್ಸಿಲ್ಲ, ಬಿಡಲೂ ಮನಸ್ಸಿಲ್ಲ ಎಂದಾಗ ಹಾಕುವ ಸಂಕ. 2007ರಲ್ಲಿ ಶಾರ್ಟರ್ ಆಕ್ಸ್‌ಫರ್ಡ್ ನಿಘಂಟಿನ ಆರನೆಯ ಆವೃತ್ತಿ ತರುವಾಗ ಸುಮಾರು 16,000 ಪದಗಳಿಂದ ಆ ಅಡ್ಡಗೆರೆ ಕಿತ್ತು ಹಾಕಿದರು. ಜನ ಹಾಕುವುದನ್ನೇ ಬಿಟ್ಟಿದ್ದರು, ನಿಘಂಟಿನವರು ಹಿಂದಿನಿಂದ ಬಂದು ಗುಡಿಸಿದರು. ಕಿತ್ತ ಮೇಲೆ ಕೆಲವು ಒಂದಾದವು, ಕೆಲವು ಎರಡಾದವು. ಕಡಲೆಗೆ ಅವರು ಹೇಳುವ ಚಿಕ್‌ಪೀ ಒಂದಾಯಿತು. ಐಸ್ ಕ್ರೀಂ ಎರಡಾಯಿತು. ಡೊಳ್ಳುಹೊಟ್ಟೆಗೆ ಹೇಳುವ ಪಾಟ್ ಬೆಲ್ಲಿಯೂ ಎರಡಾಯಿತು. ಯಾವುದಕ್ಕೆ ಯಾಕೆ ಎಂದು ಹುಡುಕಿ ಫಲವಿಲ್ಲ. ಪೋಸ್ಟ್‌ಮ್ಯಾನ್ ಒಂದು, ಪೋಸ್ಟ್‌ಕಾರ್ಡ್ ಒಂದು, ಅವೆರಡೂ ಹೊರಡುವ ಪೋಸ್ಟ್ ಆಫೀಸ್ ಮಾತ್ರ ಎರಡು! ಇದನ್ನೇ ಕ್ರಮ ಎನ್ನುವುದಾದರೆ ನಮ್ಮ ಪಂಚಾಯತಿನ ನೀರು ಬಿಡುವ ಸಮಯವೂ ಕ್ರಮವೇ.

ಇದೇ ಪೋಸ್ಟ್ ಆಫೀಸನ್ನು ನಮ್ಮ ಹಿರಿಯರು ಏನು ಮಾಡಿದರು ನೋಡಿ. ಮೊದಲು ಎರಡರ ಬಾಲಕ್ಕೂ ಒಂದೊಂದು ಉಕಾರ ಕಟ್ಟಿ ಪೋಸ್ಟು, ಆಫೀಸು ಎಂದು ಮನೆಯೊಳಗೆ ತೆಗೆದುಕೊಂಡರು. ಆಮೇಲೆ ಊರು ಮತ್ತು ಊರು ಸೇರಿ ಊರೂರು ಆಗುವ ಹಾಗೆ ಲೋಪಸಂಧಿ ಮಾಡಿ ಪೋಸ್ಟಾಫೀಸು ಎಂದರು. ಎರಡೋ ಒಂದೋ ಎಂಬ ಪ್ರಶ್ನೆಯೇ ಹುಟ್ಟಲಿಲ್ಲ. ನನ್ನ ಅಜ್ಜಿಗೆ ಇಂಗ್ಲಿಷಿನ ಒಂದಕ್ಷರ ಬರುತ್ತಿರಲಿಲ್ಲ, ಕನ್ನಡದಲ್ಲೂ ರುಜು ಹಾಕಲು ಐದು ನಿಮಿಷ ಬೇಕು. ಪೋಸ್ಟಾಫೀಸು ಎಂದು ತಪ್ಪಿಲ್ಲದೆ ಹೇಳುತ್ತಿದ್ದರು.

ಈಗಿನ ತೊಂದರೆ ಶುರುವಾದದ್ದು ಆ ಉಕಾರ ಉದುರಿದ ಮೇಲೆ. ಬಸ್ಸು ಹೋಗಿ ಬಸ್ ಆಯಿತು, ರೈಲು ಹೋಗಿ ರೈಲ್ ಆಯಿತು. ಕೊನೆಯಲ್ಲಿ ಅರ್ಧಾಕ್ಷರ ಇಟ್ಟುಕೊಂಡ ಪದ ನಮ್ಮ ಲಿಪಿಯಲ್ಲಿ ಒಂಟಿಯಾಗಿ ನಿಲ್ಲಲಾರದು. ಪಕ್ಕದಲ್ಲಿ ಇನ್ನೊಂದು ವ್ಯಂಜನ ಬಂದರೆ ಅದನ್ನು ಎಳೆದು ತನ್ನ ಕಾಲಡಿಗೆ ಒತ್ತಾಗಿ ಹಾಕಿಕೊಳ್ಳುತ್ತದೆ. ಸುಳ್ಯದಿಂದ ಜಾಲ್ಸೂರು ದಾಟಿ ಕೇರಳಕ್ಕೆ ಹೋಗುವಾಗ ಸಿಗುವ ಚೆಕ್‌ಪೋಸ್ಟನ್ನು ಫೋನಿನಲ್ಲಿ ಒಟ್ಟಿಗೆ ಒತ್ತಿ ನೋಡಿ: ಚೆಕ್ಪೋಸ್ಟ್. ಕಕಾರದ ಅಡಿಯಲ್ಲಿ ಪಕಾರ ನೇತಾಡುತ್ತದೆ. ಬಸ್‌ಸ್ಟ್ಯಾಂಡನ್ನು ಒತ್ತಿದರೆ ಬಸ್ಸ್ಟ್ಯಾಂಡ್. ಒಂದು ಸಕಾರದ ಕಾಲಿಗೆ ಮೂರು ಒತ್ತು. ಶನಿವಾರ ಸಂಜೆ ಪುತ್ತೂರಿನಿಂದ ಹೊರಡುವ ಕೊನೆಯ ಬಸ್ಸಿನ ಫುಟ್‌ಬೋರ್ಡಿನ ಹಾಗೆ. ಇದನ್ನು ತಪ್ಪಿಸಲು ಕಂಪ್ಯೂಟರಿನವರು ಒಂದು ಉಪಾಯ ಇಟ್ಟಿದ್ದಾರೆ. ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಒಂದು ಅಕ್ಷರ. ಅದನ್ನು ನಡುವೆ ತೂರಿಸಿದರೆ ಎರಡು ಅಕ್ಷರಗಳು ಪಕ್ಕಪಕ್ಕದಲ್ಲಿ ಕೂರುತ್ತವೆ, ಒಂದರ ತೊಡೆಯ ಮೇಲೆ ಇನ್ನೊಂದು ಏರುವುದಿಲ್ಲ. ಝೀರೋ ವಿಡ್ತ್ ನಾನ್ ಜಾಯ್ನರ್ ಎಂದು ಅದರ ಹೆಸರು. ನಮ್ಮ ಕಿನ್ನಿಕಂಬಳದ ಕೆ. ಪಿ. ರಾಯರು ಕಂಪ್ಯೂಟರಿಗೆ ಕನ್ನಡದ ಕೀಲಿಮಣೆ ಹೊಂದಿಸಿಕೊಟ್ಟ ಮೇಲೆ ಕನ್ನಡ ಒತ್ತುವುದು ಮಕ್ಕಳಾಟದಷ್ಟು ಸುಲಭವಾಯಿತು. ಆದರೆ ಈ ಕಾಣದ ಅಕ್ಷರ ಫೋನಿನಲ್ಲಿ ಎಲ್ಲಿದೆ ಎಂದು ಹತ್ತರಲ್ಲಿ ಒಂಬತ್ತು ಮಂದಿಗೆ ಗೊತ್ತಿಲ್ಲ. ಹಾಗಾಗಿ ಅವರು ಸುಲಭದ ದಾರಿ ಹಿಡಿದು ದೊಡ್ಡ ಜಾಗವನ್ನೇ ಬಿಡುತ್ತಾರೆ. ಇವತ್ತು ಕನ್ನಡದಲ್ಲಿ ಕಾಣುವ ಎಷ್ಟೋ ಎರಡೆರಡು ಪದಗಳು ವ್ಯಾಕರಣದಿಂದ ಹುಟ್ಟಿದ್ದಲ್ಲ, ಹೆಬ್ಬೆರಳಿನ ಸೋಮಾರಿತನದಿಂದ ಹುಟ್ಟಿದ್ದು. 'ಬಸ್‌ನಲ್ಲಿ' ಎಂದು ಬರೆಯುವುದನ್ನು ನಾನು ಈಗಲೂ ಒಪ್ಪುವುದಿಲ್ಲ. ಬಸ್ಸಿನಲ್ಲಿ. ಸಕಾರಕ್ಕೆ ಸಕಾರ, ಇಕಾರ, ಮುಗಿಯಿತು. ಕಾಣದ ಅಕ್ಷರವೂ ಬೇಡ, ಕಾಣುವ ಜಾಗವೂ ಬೇಡ.

"ಹೋಂಸ್ಟೇಗೂ ಒತ್ತು ಬರ್ತದಾ?" ಗೌಡರು ಗಡಿಯಾರ ನೋಡಿದರು. ಹತ್ತೂಕಾಲು.

"ಮಕಾರಕ್ಕೆ ಅರ್ಧ ಹಾಕಿದ್ರೆ ಬರ್ತದೆ. ಸೊನ್ನೆ ಹಾಕಿದ್ರೆ ಇಲ್ಲ." ಸೊನ್ನೆ ನಮ್ಮ ಲಿಪಿಯ ಒಳ್ಳೆಯ ನೆಂಟ. ಯಾರ ಪಕ್ಕದಲ್ಲಿ ಕೂರಿಸಿದರೂ ಹೊಂದಿಕೊಳ್ಳುತ್ತದೆ, ಯಾರ ಕಾಲಿಗೂ ಬೀಳುವುದಿಲ್ಲ. ಐಸ್‌ಕ್ರೀಂ, ಹೋಂಸ್ಟೇ, ಫಾರಂ.

ರೈಲಿನವರ ವಿಷಯ ಬಂದದ್ದು ಅತಿಥಿಗಳು ಯಾವ ಸ್ಟೇಷನ್ನಿನಲ್ಲಿ ಇಳಿಯಬೇಕು ಎಂಬ ಮಾತಿನಿಂದ. ಸುಬ್ರಹ್ಮಣ್ಯ ರೋಡ್ ಎಂಬುದು ರಸ್ತೆಯಲ್ಲ, ಸ್ಟೇಷನ್ನು. ಅದಿರುವುದು ನೆಟ್ಟಣದಲ್ಲಿ, ಅಲ್ಲಿಂದ ದೇವಸ್ಥಾನಕ್ಕೆ ಸುಮಾರು 12 ಕಿಲೋಮೀಟರು ರಸ್ತೆ. ಊರು ದೂರ, ಇಲ್ಲಿಂದ ರೋಡು ಉಂಟು ಎಂದು ರೈಲ್ವೆಯವರು ಒಪ್ಪಿಕೊಳ್ಳುವ ಕ್ರಮ ಅದು. ಎರಡು ಪದದ ನಡುವೆ ಇಷ್ಟು ಉದ್ದದ ಜಾಗ ಬೇರೆಲ್ಲೂ ನಾನು ಕಂಡಿಲ್ಲ. ಪುತ್ತೂರಿನ ಸ್ಟೇಷನ್ನಿಗೆ ಕಬಕ ಪುತ್ತೂರು ಎಂದು ಹೆಸರು. ಆಂಧ್ರದಲ್ಲೂ ಒಂದು ಪುತ್ತೂರು ಸ್ಟೇಷನ್ ಇರುವುದರಿಂದ ಪಕ್ಕದ ಕಬಕವನ್ನು ತಂದು ಮುಂದೆ ನಿಲ್ಲಿಸಿದ್ದಾರೆ. ಕಬಕದವರಿಗೆ ತಮ್ಮ ಊರಿನ ಹೆಸರು ಹೋಯಿತೆಂದು ಬೇಸರ, ಪುತ್ತೂರಿನವರಿಗೆ ಪೂರ್ತಿ ತಮ್ಮದಾಗಲಿಲ್ಲವೆಂದು ಬೇಸರ. ನಮ್ಮವರು ಟಿಕೆಟು ಕೇಳುವಾಗ ಪುತ್ತೂರು, ನೆಟ್ಟಣ ಎನ್ನುತ್ತಾರೆ.

ಇಲ್ಲಿಯವರೆಗೆ ಗೌಡರು ನಗುತ್ತಲೇ ಇದ್ದರು. ಹೆಸರಿನ ಮಾತು ಬಂದದ್ದೇ ಮುಖ ಗಂಟಾಯಿತು. ಅವರ ಹೆಸರು ಇಬ್ಬರು ದೇವರು ಸೇರಿ ಆದದ್ದು. ಇಲ್ಲಿ ಬರೆಯುವುದು ಬೇಡ. ಪಹಣಿಯಲ್ಲಿ ದೇವರಿಬ್ಬರೂ ಒಟ್ಟಿಗೆ ಇದ್ದಾರೆ. ಆಧಾರಿನಲ್ಲಿ ಬೇರೆ ಬೇರೆ. ಬ್ಯಾಂಕಿನ ಪುಸ್ತಕದಲ್ಲಿ ಒಬ್ಬರು ಇನಿಶಿಯಲ್ಲಾಗಿ ಕುಗ್ಗಿದ್ದಾರೆ. ಒಂದು ವರ್ಷ ಮಳೆ ಹೆಚ್ಚಾಗಿ ಕೊಳೆರೋಗಕ್ಕೆ ಅರ್ಧ ಅಡಿಕೆ ಉದುರಿ ಹೋಯಿತು. ಹವಾಮಾನ ಆಧಾರಿತ ಬೆಳೆ ವಿಮೆಯ ದುಡ್ಡು ಬೇಲಿಯ ಈಚೆ ನನಗೆ ಬಂತು, ಆಚೆ ಅವರಿಗೆ ಬರಲಿಲ್ಲ. ಮಳೆ ಏನು, ಬೇಲಿ ನೋಡಿ ಬಿದ್ದದ್ದಾ? ಕಚೇರಿಯೊಂದರಲ್ಲಿ ಹೆಸರು ತಾಳೆಯಾಗುವುದಿಲ್ಲ ಎಂದರು, ಇನ್ನೊಂದು ಕಚೇರಿಯಲ್ಲಿ ಆ ಕಚೇರಿಯಿಂದ ಬರೆಸಿಕೊಂಡು ಬನ್ನಿ ಎಂದರು. ಕೊನೆಗೆ ಕಂಪ್ಯೂಟರಿನ ಮುಂದಿದ್ದ ಹುಡುಗಿಯೊಬ್ಬಳು ಕನಿಕರದಿಂದ ತೆರೆ ತಿರುಗಿಸಿ ತೋರಿಸಿದಳು. ಅಕ್ಷರ ಒಂದೂ ತಪ್ಪಿಲ್ಲ, ನಡುವೆ ಜಾಗ ಒಂದು ಹೆಚ್ಚು.

"ಮತ್ತೆ ನೋಟರಿ ಹತ್ರ ಹೋದೆ. ಛಾಪಾ ಕಾಗದದಲ್ಲಿ ಬರೆಸಿದೆ, ಇವರಿಬ್ಬರೂ ಒಬ್ಬನೇ, ಆ ಒಬ್ಬ ನಾನೇ ಅಂತ. ಅಷ್ಟಾದ ಮೇಲೂ ಏಳು ತಿಂಗಳು ಹಿಡಿಯಿತು." ಇಪ್ಪತ್ತು ಸಲ ಕೇಳಿದ ಕಥೆ. ಆದರೂ ಕೇಳಿದೆ. ಈ ತಾಲೂಕುಗಳಲ್ಲಿ ಬಾಲಕೃಷ್ಣ, ರಾಮಕೃಷ್ಣ, ವೆಂಕಟರಮಣ, ಶಿವರಾಮ ಎಂಬ ಹೆಸರಿನವರೆಲ್ಲ ಒಂದಲ್ಲ ಒಂದು ದಿನ ತಾವು ಒಬ್ಬರೇ ಎಂದು ಪ್ರಮಾಣ ಮಾಡಲೇಬೇಕು. ಸಮಾಸ ಬಿಡಿಸಿ ಬರೆಯಿರಿ ಎಂದು ಮಕ್ಕಳಿಗೆ ಎರಡು ಅಂಕದ ಪ್ರಶ್ನೆ ಕೊಡುತ್ತಿದ್ದೆ. ಬಿಡಿಸಿದರೆ ಇಷ್ಟು ನಷ್ಟವಾಗುತ್ತದೆಂದು ಗೊತ್ತಿದ್ದರೆ ಕೊಡುತ್ತಿರಲಿಲ್ಲ.

ಹತ್ತೂಮುಕ್ಕಾಲು ಆಯಿತು. ಅಷ್ಟರಲ್ಲಿ ಗೌಡರಿಗೆ ಇನ್ನೊಂದು ಅನುಮಾನ. ಎರಡು ಕೋಣೆಯೂ ತುಂಬಿದ ದಿನ ತೂಗುಹಾಕಲು ಸಣ್ಣದೊಂದು ಬೋರ್ಡು ಬೇಕು ಎಂದು ಮಗಳು ಹೇಳಿದ್ದಾಳೆ, 'ಕೋಣೆ ಖಾಲಿಯಿಲ್ಲ' ಎಂದು. ಅದನ್ನು ಹೇಗೆ ಬರೆಸುವುದು?

"ಒಟ್ಟಿಗೇ ಬರೆಸಿ. ಇಲ್ಲದಿದ್ರೆ ಯಿಲ್ಲ ಬೇರೆ ಹೋಗ್ತದೆ" ಎಂದೆ. ಇದು ನನ್ನ ಹಳೆಯ ಹೊಟ್ಟೆಯುರಿ. ಹಿಂದೆ ಬ್ರಶ್ಶು ಹಿಡಿದು ಬೋರ್ಡು ಬರೆಯುತ್ತಿದ್ದ ಆರ್ಟಿಸ್ಟರಿಗೆ ತಗಡು ಮುಗಿದರೆ ಉಳಿದ ಅಕ್ಷರ ಕೆಳಗಿನ ಸಾಲಿಗೆ. ಹಾಗೆ ಹುಟ್ಟಿದ್ದು 'ಪ್ರವೇಶ ವಿಲ್ಲ', 'ಅವಕಾಶ ವಿಲ್ಲ', 'ನಿಲ್ಲಿಸ ಬಾರದು'. ಪ್ರವೇಶ ಮತ್ತು ಇಲ್ಲ ಹತ್ತಿರ ಬಂದಾಗ ಒಂದಕ್ಕೊಂದು ತಾಗದಿರಲಿ ಎಂದು ನಡುವೆ ಹುಟ್ಟುವ ವಕಾರ ಅದು. ಎರಡನ್ನೂ ದೂರ ಮಾಡಿ, ನಡುವಿನ ವಕಾರವನ್ನು ಮಾತ್ರ ಉಳಿಸಿಕೊಂಡರೆ, ನೆಂಟಸ್ತಿಕೆ ಮುರಿದ ಮೇಲೂ ದಲ್ಲಾಳಿಗೆ ಊಟ ಹಾಕಿದ ಹಾಗೆ. ಈಗ ತಗಡು ಎಷ್ಟು ಬೇಕಾದರೂ ಸಿಗುತ್ತದೆ, ಆದರೂ 'ವಿಲ್ಲ' ಹೋಗಿಲ್ಲ.

"ಪ್ರವೇಶ ವಿಲ್ಲ ಅಂದ್ರೆ ಪ್ರವೇಶ ಅನ್ನುವ ಹೆಸರಿನ ವಿಲ್ಲಾ ಅಂತ ನಾನು ತಿಳಿದಿದ್ದೆ" ಎಂದರು ಗೌಡರು. ತಮಾಷೆಗೆ ಹೇಳಿದ್ದೋ ನಿಜವೋ ಗೊತ್ತಾಗಲಿಲ್ಲ. ಅವರ ಬಾಯಲ್ಲಿ ಎಲೆಯಡಿಕೆ ಇತ್ತು.

ಕೊನೆಗೆ ನನ್ನ ತೀರ್ಪು ಹೇಳಿದೆ. ಹೊಸಮನೆ ಒಂದು ಪದ. ಹೋಂಸ್ಟೇ ಒಂದು ಪದ. ಇಂಗ್ಲಿಷ್ ನಿಘಂಟಿನಲ್ಲೂ ಅದು ಒಂದೇ, ನಮಗೆ ಅನುಮಾನ ಬೇಡ. ಇವೆರಡರ ನಡುವೆ ಮಾತ್ರ ಜಾಗ ಬಿಡಬೇಕು, ಅದನ್ನು ಸೇರಿಸಬಾರದು. ಸೇರಿಸಿದರೆ ಅರಿಸಮಾಸ. ಕನ್ನಡಕ್ಕೆ ಸಂಸ್ಕೃತವನ್ನು ಕಂಡ ಕಂಡಲ್ಲಿ ಅಂಟಿಸಬೇಡಿ, ಹಾಲಿಗೆ ಹುಳಿ ಬಿದ್ದಂತಾಗುತ್ತದೆ ಎಂದು ನಮಗೆ ಕಲಿಸಿದ್ದಾರೆ. 13ನೆಯ ಶತಮಾನದ ಕೇಶಿರಾಜ ಬಿರುದುಗಳಿಗೆ ಅದರಿಂದ ವಿನಾಯಿತಿ ಕೊಟ್ಟ. ಸಂಸ್ಕೃತಕ್ಕೇ ಹಾಗಾದರೆ ಇಂಗ್ಲಿಷಿಗೆ ಕೇಳುವುದೇ ಬೇಡ.

"ಒಟ್ಟು ಎರಡು ಶಬ್ದ, ನಡುವೆ ಒಂದೇ ಜಾಗ. ನೆನಪಿಟ್ಟುಕೊಳ್ಳಿ" ಎಂದೆ.

ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಗೌಡರು ಫೋನು ಹಚ್ಚಿದರು. ನಮ್ಮ ಗುಡ್ಡದ ಬದಿಯಲ್ಲಿ ಸಿಗ್ನಲ್ ಸಿಗುವುದು ಅವರ ಕೊಟ್ಟಿಗೆಯ ಹಿಂದೆ ಮಾತ್ರ. ಅಲ್ಲಿಂದ ಅವರ ಸ್ವರ ಕೇಳುತ್ತಿತ್ತು. "ಹಲೋ... ಒಟ್ಟಿಗೆ, ಒಟ್ಟಿಗೆ... ಹಾಂ, ಜಾಗ ಬಿಡ್ಲಿಕ್ಕಿಲ್ಲ ಮಾರಾಯ, ಮಾಸ್ಟ್ರು ಹೇಳಿದ್ದಾರೆ... ಹಲೋ... ಹಲೋ..."

ಶನಿವಾರ ಸಂಜೆ ಸುಬ್ರಹ್ಮಣ್ಯದ ಬಸ್ಸಿನಲ್ಲಿ ಬೋರ್ಡು ಬಂತು. ಕಂಡಕ್ಟರು ಇಳಿಸಿ ಕೊಟ್ಟು ಹೋದ. ಹಸಿರು ಹಿನ್ನೆಲೆ, ಬಿಳಿ ಅಕ್ಷರ, ಮೂಲೆಯಲ್ಲೊಂದು ಅಡಿಕೆಮರ. ಮೇಲೆ ಕನ್ನಡದಲ್ಲಿ 'ಹೊಸಮನೆಹೋಂಸ್ಟೇ'. ಕೆಳಗೆ ಇಂಗ್ಲಿಷಿನಲ್ಲೂ ಅದೇ, ಹದಿನಾರು ಅಕ್ಷರ, ಎಲ್ಲಿಯೂ ಉಸಿರು ಬಿಡಲು ಜಾಗವಿಲ್ಲದೆ.

ಗೌಡರ ಮಗಳು ಅಪ್ಪನ ಮುಖ ನೋಡಿದಳು. ಗೌಡರು ನನ್ನ ಮುಖ ನೋಡಿದರು. ನಾನು ಹಲ್ಮಿಡಿ ಶಾಸನದ ವಿಷಯ ಹೇಳಿದೆ. ಅದರಲ್ಲೂ ಪದಗಳ ನಡುವೆ ಜಾಗ ಬಿಟ್ಟಿಲ್ಲ, ತಾಳೆಗರಿಯಲ್ಲೂ ಬಿಡುತ್ತಿರಲಿಲ್ಲ, ಆದರೂ ಜನ ಓದಿಕೊಂಡಿದ್ದಾರೆ ಎಂದೆ. ಗೌಡರಿಗೆ ಅದು ಹಿಡಿಸಿತು. "ಕೇಳಿದ್ಯಾ? ನಮ್ಮದು ಶಾಸನದ ಕ್ರಮ" ಎಂದು ಮಗಳಿಗೆ ಹೇಳಿ, ತಂತಿ ತಂದು, ತಿರುವಿನ ಕಲ್ಲುಕಂಬಕ್ಕೆ ಬೋರ್ಡನ್ನು ಬಿಗಿದೇ ಬಿಟ್ಟರು. ಅರಿಸಮಾಸದ ಮಾತು ನಾನು ಮತ್ತೆ ಎತ್ತಲಿಲ್ಲ.

ಕಾಣಿಯೂರು ದಾಟಿ ಸುಬ್ರಹ್ಮಣ್ಯದ ಕಡೆ ಬರುವವರಿಗೆ ಬೋರ್ಡು ಎಡಗಡೆ ಸಿಗುತ್ತದೆ. ಕೋಣೆ ಎರಡೇ ಇರುವುದು. ಊಟ ಬೇಕಾದರೆ ಹಿಂದಿನ ದಿನವೇ ಹೇಳಬೇಕು. ಪತ್ರೊಡೆ ಮಳೆಗಾಲದಲ್ಲಿ ಮಾತ್ರ. ಬಾಗಿಲಲ್ಲಿ ತಲೆ ತಗ್ಗಿಸಿ ಬನ್ನಿ.